ಮೊಂಬಾಸಾದ ಯೇಸು ಕೋಟೆ: ಮುತ್ತಿಗೆಗಳು ಕಲಿಸುವ ಪಾಠ

ಕೀನ್ಯಾ ದೇಶದ ಮೊಂಬಾಸಾ ಬಂದರಿನ ಬಾಯಲ್ಲಿ ಒಂದು ಹಳೆಯ ಕೋಟೆಯಿದೆ. ಹೆಸರು ಫೋರ್ಟ್ ಜೀಸಸ್, ಅಂದರೆ ಯೇಸು ಕೋಟೆ. ಅದನ್ನು ಸಂದರ್ಶಿಸುವ ಅವಕಾಶ ನಮಗೂ ಒದಗಿತು. ಹವಳದ ಕಲ್ಲಿನ ದಪ್ಪ ಗೋಡೆಗಳು, ನಾಲ್ಕು ಕೊತ್ತಲಗಳು, ಒಳಗೆ ಇಗರ್ಜಿಯ ಅವಶೇಷ, ಪೋರ್ಚುಗೀಸರು ಗೋಡೆಯ ಮೇಲೆ ಬಿಡಿಸಿದ ಹಡಗುಗಳ ಚಿತ್ರಗಳು. ಇವೆಲ್ಲವನ್ನೂ ಕಂಡ ಮೇಲೆ ನಮ್ಮಲ್ಲಿ ಮೂಡಿದ ಪ್ರಶ್ನೆ ಇದು: ಇಷ್ಟು ಗಟ್ಟಿಯಾದ ಕೋಟೆ ಸೋತದ್ದಾದರೂ ಹೇಗೆ?

ಇಟಲಿಯ ಶಿಲ್ಪಿ ಜೊವಾನ್ನಿ ಬತ್ತಿಸ್ತಾ ಕೈರಾತಿಯ ನಕ್ಷೆಯಂತೆ ಪೋರ್ಚುಗೀಸರು 1593ರಲ್ಲಿ ಇದನ್ನು ಕಟ್ಟಲು ಆರಂಭಿಸಿದರು. ಭಾರತಕ್ಕೆ ಹೋಗಿಬರುವ ಹಡಗುಗಳ ದಾರಿಯನ್ನು ಕಾಯುವುದೇ ಇದರ ಉದ್ದೇಶ. ಆಡಳಿತ ನಡೆಯುತ್ತಿದ್ದುದು ನಮ್ಮ ನೆರೆಯ ಗೋವಾದಿಂದ.

ಮೊದಲ ಪೆಟ್ಟು ಬಿದ್ದದ್ದು ಒಳಗಿನಿಂದಲೇ. ಮೊಂಬಾಸಾದ ಅರಸನನ್ನು 1614ರಲ್ಲಿ ಪೋರ್ಚುಗೀಸ್ ಅಧಿಕಾರಿಯೇ ಸಂಚು ಹೂಡಿ ಕೊಲ್ಲಿಸಿದ್ದನು. ಅರಸನ ಮಗ ಯೂಸುಫ್ ಗೋವಾದ ಅಗಸ್ತೀನಿಯನ್ ಗುರುಗಳ ಬಳಿ ಬೆಳೆದು, ಸ್ನಾನದೀಕ್ಷೆ ಪಡೆದು, ದೊಂ ಜೆರೋನಿಮೊ ಎಂಬ ಹೆಸರಿನಿಂದ ಸಿಂಹಾಸನಕ್ಕೆ ಮರಳಿದನು. ಅವನಿಗೂ ಸಿಕ್ಕಿದ್ದು ಅವಮಾನವೇ. 1631ರ ಆಗಸ್ಟ್ 15ರಂದು, ಮರಿಯಮ್ಮನವರ ಸ್ವರ್ಗಾರೋಹಣದ ಹಬ್ಬದ ದಿನ, ಅವನು ಕೋಟೆಯ ಕ್ಯಾಪ್ಟನನನ್ನು ಕೊಂದು ಕೋಟೆಯನ್ನು ವಶಪಡಿಸಿಕೊಂಡನು. ಧರ್ಮ ಬಿಡಲೊಪ್ಪದ ಅನೇಕ ಕ್ರೈಸ್ತರು, ಆಫ್ರಿಕದವರೂ ಸೇರಿ, ಪ್ರಾಣ ತೆತ್ತರು. 1632ರಲ್ಲಿ ಗೋವಾದ ಸೇನೆ ಹಾಕಿದ ಮುತ್ತಿಗೆ ವಿಫಲವಾಯಿತು. ಬಳಿಕ ಯೂಸುಫ್ ತಾನಾಗಿ ಹಡಗೇರಿ ಹೋದ ಮೇಲಷ್ಟೇ ಪೋರ್ಚುಗೀಸರು ಮರಳಿ ಬಂದರು.

ದೊಡ್ಡ ಮುತ್ತಿಗೆ ಆರಂಭವಾದದ್ದು 1696ರ ಮಾರ್ಚ್‌ನಲ್ಲಿ. ಒಮಾನ್‌ನ ಅರಬರು ಕೋಟೆಯನ್ನು ಸುತ್ತುವರಿದರು. ಒಳಗಿದ್ದ ಪೋರ್ಚುಗೀಸ್ ಸೈನಿಕರು ಕೆಲವೇ ಮಂದಿ. ಅವರನ್ನು ನಂಬಿ ಬಂದ ಕರಾವಳಿಯ ಸ್ವಾಹಿಲಿ ಜನರೇ ಹೆಚ್ಚು. ಗೋವಾದಿಂದ ನೆರವು ಬರಬೇಕಾದರೆ ಮಾರುತ ತಿರುಗುವ ತನಕ ಕಾಯಬೇಕು. ಹೀಗಾಗಿ ಮೊದಲ ನೆರವು ತಲಪಿದಾಗ ಒಂಬತ್ತು ತಿಂಗಳೇ ಕಳೆದಿತ್ತು. ಅಷ್ಟರಲ್ಲಿ ರೋಗ ಹಬ್ಬಿ, ಶತ್ರುವಿನ ಗುಂಡಿಗಿಂತ ಹೆಚ್ಚು ಜೀವಗಳನ್ನು ಬಲಿ ತೆಗೆದುಕೊಂಡಿತು. 1697ರಲ್ಲಿ ಪೋರ್ಚುಗೀಸ್ ಅಧಿಕಾರಿಗಳು ಸತ್ತ ಮೇಲೆ ಕೋಟೆಯನ್ನು ಉಳಿಸಿದವರು ಸ್ವಾಹಿಲಿ ಮುಸ್ಲಿಮರು. ಫಾಜಾದ ರಾಜಕುಮಾರನೊಬ್ಬ ಅವರ ಮುಂದಾಳು. ಅದೇ ವರ್ಷ ನೆರವಿಗೆ ಬಂದ ಸಾಂತೊ ಆಂತೊನಿಯೊ ಹಡಗು ಕೋಟೆಯ ಬುಡದಲ್ಲೇ ಮುಳುಗಿತು.

ಮೂವತ್ಮೂರು ತಿಂಗಳ ಬಳಿಕ, 1698ರ ಡಿಸೆಂಬರ್ 13ರಂದು ಕೋಟೆ ಬಿದ್ದಾಗ ಒಳಗೆ ಉಳಿದವರು ಬೆರಳೆಣಿಕೆಯಷ್ಟು. ಕೆಲವೇ ದಿನಗಳಲ್ಲಿ ಗೋವಾದ ಹಡಗುಗಳು ಬಂದವು. ಒಮಾನ್‌ನ ಬಾವುಟ ಕಂಡು ಹಿಂದಿರುಗಿದವು.

ಬ್ರಿಟಿಷರ ಕಾಲದಲ್ಲಿ ಸೆರೆಮನೆಯಾಗಿದ್ದ ಈ ಕೋಟೆ ಇಂದು ವಸ್ತುಸಂಗ್ರಹಾಲಯ. 2011ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಗೋಡೆಗಳು ಇಂದಿಗೂ ಗಟ್ಟಿಯಾಗಿಯೇ ಇವೆ. 1631ರಲ್ಲಿ ಕೋಟೆ ಬಿದ್ದದ್ದು ನೆರೆಯವನಿಗೆ ಮಾಡಿದ ಅನ್ಯಾಯದಿಂದ, 1698ರಲ್ಲಿ ಬಿದ್ದದ್ದು ತಡವಾಗಿ ಬಂದ ನೆರವಿನಿಂದ. ಕೊನೆಯ ತನಕ ಕೈಬಿಡದವರು ಬೇರೆ ಧರ್ಮದ ನೆರೆಯವರು. ಯೇಸುವಿನ ಹೆಸರನ್ನು ಕಲ್ಲಿನ ಮೇಲೆ ಕೆತ್ತಿದರೆ ಸಾಲದು, ನೆರೆಯವರೊಡನೆ ನಡೆದುಕೊಳ್ಳುವ ರೀತಿಯಲ್ಲೂ ಅದು ಕಾಣಬೇಕು ಎಂಬ ಚಿಂತನೆಯೊಂದಿಗೆ ನಾವು ಆ ಬಾಗಿಲಿನಿಂದ ಹೊರಬಂದೆವು.