ಹದಿನೈದರಲ್ಲಿ ಒಂದು ಪಾಲು

ಥೇಮ್ಸ್ ನದಿ ದಂಡೆಯ ರನ್ನಿಮೀಡ್ ಹುಲ್ಲುಗಾವಲಿನಲ್ಲಿ 1215ರ ಜೂನ್ 15ರಂದು ಇಂಗ್ಲೆಂಡಿನ ದೊರೆ ಜಾನ್ ಒಪ್ಪಿಕೊಂಡ ಮ್ಯಾಗ್ನಾ ಕಾರ್ಟಾ ಎಂಬ ಸನದು ಹತ್ತೇ ವಾರಕ್ಕೆ ಬಿದ್ದುಹೋಯಿತು. ಬ್ಯಾರನ್‌ಗಳು, ಅಂದರೆ ದೊಡ್ಡ ಜಹಗೀರುದಾರರು, ಬೆದರಿಸಿ ಬರೆಸಿಕೊಂಡದ್ದು ಊರ್ಜಿತವಲ್ಲವೆಂದು ಪೋಪ್ ಮೂರನೇ ಇನ್ನೊಸೆಂಟ್ ಆಗಸ್ಟ್ 24ರಂದು ಅದನ್ನು ರದ್ದುಮಾಡಿದ. ದೇಶದೊಳಗೆ ಯುದ್ಧ ಹತ್ತಿಕೊಂಡಿತು. ಬಂಡೆದ್ದ ಬ್ಯಾರನ್‌ಗಳು ಫ್ರಾನ್ಸಿನ ರಾಜಕುಮಾರ ಲೂಯಿಯನ್ನೇ ಸಿಂಹಾಸನಕ್ಕೆ ಕರೆಸಿದರು. ಅರಸರಿಗೆ ಬಿದ್ದ ಮೊದಲ ಕಡಿವಾಣವೆಂದು ಶಾಲೆಯಲ್ಲಿ ನಾವೆಲ್ಲ ಓದಿದ ದಾಖಲೆಯ ಗತಿ ಇದು.

ಮೊದಲನೆಯದೂ ಅದಲ್ಲ. ಒಂದನೇ ಹೆನ್ರಿ 1100ರಲ್ಲಿ ಪಟ್ಟಕ್ಕೇರುವಾಗಲೇ ಒಂದು ಸನದು ಹೊರಡಿಸಿದ್ದ. ಸತ್ತ ಜಹಗೀರುದಾರನ ಮಗನಿಂದ ನ್ಯಾಯವಾದ ಕಾಣಿಕೆಯನ್ನಷ್ಟೇ ಪಡೆಯುತ್ತೇನೆ, ವಿಧವೆಯರಿಗೆ ಬಲವಂತದ ಮದುವೆ ಮಾಡಿಸುವುದಿಲ್ಲ ಎಂದೆಲ್ಲ ಮಾತು ಕೊಟ್ಟಿದ್ದ. ಕುರ್ಚಿ ಭದ್ರವಾದ ಮೇಲೆ ಆ ಮಾತನ್ನು ಅವನೂ ಪಾಲಿಸಲಿಲ್ಲ, ಅವನ ನಂತರ ಬಂದವರೂ ಪಾಲಿಸಲಿಲ್ಲ. ಜಾನ್‌ನ ಕಾಲಕ್ಕೆ ಸುಲಿಗೆ ಮೇರೆ ಮೀರಿತು. 1204ರಲ್ಲಿ ನಾರ್ಮಂಡಿ ಫ್ರಾನ್ಸಿನ ಪಾಲಾಗಿತ್ತು. ಅದನ್ನು ಮರಳಿ ಗೆಲ್ಲಲು ಅವನಿಗೆ ಹಣ ಬೇಕಿತ್ತು. ನಿಕೋಲಸ್ ಡಿ ಸ್ಟ್ಯೂಟ್‌ವಿಲ್ ಎಂಬ ಬ್ಯಾರನ್ ತನ್ನ ವಂಶದ ಆಸ್ತಿಗೆ ವಾರಸುದಾರನಾಗಲು ತಲೆಯ ಮೇಲೆ ಹೊತ್ತದ್ದು 10,000 ಮಾರ್ಕ್, ಅಂದರೆ ಸುಮಾರು 6,666 ಪೌಂಡಿನ ಬಾಕಿ. ರನ್ನಿಮೀಡ್ ಸನದು ಅದೇ ಕಾಣಿಕೆಗೆ ಕಟ್ಟಿದ ಮಿತಿ ನೂರು ಪೌಂಡ್. ಬಾಕಿ ತೀರಿಸದವರನ್ನು, ಮುನಿಸಿಗೆ ಗುರಿಯಾದವರನ್ನು ದೊರೆ ಹೇಗೆ ನಡೆಸಿಕೊಳ್ಳುತ್ತಿದ್ದ ಎಂಬುದೂ ಎಲ್ಲರಿಗೂ ಗೊತ್ತಿತ್ತು: ವಿಲಿಯಂ ಡಿ ಬ್ರಿಯೂಸ್ ಎಂಬ ಬ್ಯಾರನ್‌ನ ಹೆಂಡತಿ ಮಟಿಲ್ಡಾ ಮತ್ತು ಅವಳ ಹಿರಿಯ ಮಗ 1210ರಲ್ಲಿ ದೊರೆಯ ಸೆರೆಯಲ್ಲಿ ಹಸಿವಿನಿಂದ ಸತ್ತರು. 1214ರಲ್ಲಿ ಬೂವಿನ್ ರಣರಂಗದಲ್ಲಿ ಜಾನ್‌ನ ಮಿತ್ರರು ಫ್ರೆಂಚರಿಗೆ ಸೋತಾಗ ಅಷ್ಟೂ ವರ್ಷ ಸುಲಿದ ಹಣ ನೀರುಪಾಲಾಯಿತು. ಮರುವರ್ಷ ಬ್ಯಾರನ್‌ಗಳು ಲಂಡನ್ನನ್ನು ಹಿಡಿದರು.

ಸನದಿಗೆ ಮರುಜೀವ ಬಂದದ್ದು ಜಾನ್‌ನ ಸಾವಿನಿಂದ. 1216ರ ಅಕ್ಟೋಬರಿನಲ್ಲಿ ಅವನು ತೀರಿಕೊಂಡಾಗ ಮಗ ಮೂರನೇ ಹೆನ್ರಿಗೆ ಒಂಬತ್ತು ವರ್ಷ. ಲಂಡನ್ ಶತ್ರುಗಳ ಕೈಯಲ್ಲಿತ್ತು, ಪಟ್ಟಾಭಿಷೇಕ ಗ್ಲಾಸ್ಟರ್‌ನಲ್ಲಿ ಹೇಗೋ ಮುಗಿಯಿತು. ರಾಜ್ಯದ ಹೊಣೆ ಹೊತ್ತ ವಿಲಿಯಂ ಮಾರ್ಷಲ್ ಎಪ್ಪತ್ತರ ಆಸುಪಾಸಿನ ಹಳೆಯ ಯೋಧ. ಎರಡೇ ವಾರದಲ್ಲಿ, ನವೆಂಬರ್ 12ರಂದು, ಅವನು ಬಾಲಕನ ಹೆಸರಿನಲ್ಲಿ ಸನದನ್ನು ಮತ್ತೆ ಹೊರಡಿಸಿದ. ಅಪ್ಪನಿಂದ ಕತ್ತಿ ತೋರಿಸಿ ಬರೆಸಿದ್ದನ್ನು ಮಗನ ಪಕ್ಷ ತಾನಾಗಿ ಕೊಟ್ಟಿತು. ಬಂಡಾಯಗಾರರ ಕೈಯಲ್ಲಿದ್ದ ದೊಡ್ಡ ಕಾರಣವೇ ಜಾರಿತು. ಆ ವಯಸ್ಸಿನಲ್ಲಿ, ಆ ಸಂಕಟದಲ್ಲಿ ಇಷ್ಟು ದೂರ ಕಂಡ ಮಾರ್ಷಲ್‌ನ ಬಗ್ಗೆ ನನಗೆ ದೊಡ್ಡ ಗೌರವವಿದೆ. ಆದರೆ ಅವನೂ ಎರಡು ಮುಖ್ಯ ಕಲಮುಗಳನ್ನು ಕೈಬಿಟ್ಟ: ದೊರೆ ತಪ್ಪಿದರೆ ಅವನ ಕೋಟೆಗಳನ್ನು ಹಿಡಿಯುವ ಅಧಿಕಾರವನ್ನು 25 ಬ್ಯಾರನ್‌ಗಳಿಗೆ ಕೊಟ್ಟಿದ್ದು ಒಂದು, ರಾಜ್ಯದ ಒಪ್ಪಿಗೆಯಿಲ್ಲದೆ ವಿಶೇಷ ತೆರಿಗೆ ಎತ್ತಕೂಡದೆಂದಿದ್ದು ಇನ್ನೊಂದು.

ಬಿಟ್ಟುಹೋದ ಆ ಎರಡನೆಯ ಕಲಮು ಬರವಣಿಗೆಯಲ್ಲಿ ಇಲ್ಲದೆಯೂ ಆಚರಣೆಗೆ ಬಂದದ್ದು 1225ರಲ್ಲಿ. ಈ ಕಥೆಯ ನಡುಗಂಬ ರನ್ನಿಮೀಡ್ ಅಲ್ಲ, ಈ ವರ್ಷ ಎಂಬುದು ನನ್ನ ನಂಬಿಕೆ. ಹಿಂದಿನ ವರ್ಷ ಫ್ರೆಂಚರು ಹೆನ್ರಿಯ ಪ್ವಾಟೂ ಪ್ರಾಂತ್ಯವನ್ನು ನುಂಗಿದ್ದರು, ಗ್ಯಾಸ್ಕನಿಯೂ ಕೈಬಿಡುವ ಹಾಗಿತ್ತು, ಬೊಕ್ಕಸ ಬರಿದಾಗಿತ್ತು. ಹದಿನೇಳರ ಹೆನ್ರಿ ಹಣ ಕೇಳಿದ. ಸನದನ್ನು ಖಾಯಂ ಮಾಡಿಕೊಡಿ ಎಂದಿತು ಬ್ಯಾರನ್‌ಗಳು ಸೇರಿದ್ದ ಸಭೆ. ಫೆಬ್ರವರಿ 11ರಂದು ಅವನು ಮುದ್ರೆಯೊತ್ತಿದ. ತನ್ನ ಸ್ವಂತ ಇಚ್ಛೆಯಿಂದ ಕೊಡುತ್ತಿದ್ದೇನೆಂದು ಬರೆಸಿದ. ಬದಲಿಗೆ ಪ್ರಜೆಗಳು ತಮ್ಮ ಚರಾಸ್ತಿಯ ಹದಿನೈದರಲ್ಲಿ ಒಂದು ಪಾಲು ಕೊಟ್ಟರೆಂಬುದನ್ನೂ ಸನದಿನಲ್ಲೇ ದಾಖಲಿಸಲಾಗಿದೆ. ವಸೂಲಾದದ್ದು ಸುಮಾರು 40,000 ಪೌಂಡ್. ಬೆದರಿಕೆಯಿಂದ ಬಂದದ್ದೆಂದು ಇದನ್ನು ತಳ್ಳಿಹಾಕಲು ಯಾವ ಪೋಪನಿಗೂ ಸಾಧ್ಯವಿರಲಿಲ್ಲ. ದುಡ್ಡು ಎಣಿಸಿಕೊಂಡ ಮೇಲೆ ಮಾತು ಹಿಂತೆಗೆಯುವುದು ಯಾರಿಗಾದರೂ ಕಷ್ಟ.

ಕೊಡುವ ಕೈಗೆ ಕೊಡದಿರಲೂ ಬರುತ್ತದೆಂದು ಹೆನ್ರಿಗೆ ಬೇಗ ಗೊತ್ತಾಯಿತು. 1237ರಲ್ಲಿ ಸನದನ್ನು ಮತ್ತೆ ದೃಢಪಡಿಸಿ ಇನ್ನೊಂದು ತೆರಿಗೆ ಪಡೆದ. ಆಮೇಲೆ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಅಂಥ ತೆರಿಗೆ ಅವನಿಗೆ ದಕ್ಕಲಿಲ್ಲ. ಕೇಳಿದಾಗಲೆಲ್ಲ ದೂರುಗಳ ಪಟ್ಟಿ ಎದುರಿಗೆ ಬರುತ್ತಿತ್ತು. 1254ರಲ್ಲಿ ಬ್ಯಾರನ್‌ಗಳ ಮಾತೊಂದೇ ಸಾಲದೆ, ಪ್ರತಿ ಕೌಂಟಿಯಿಂದ ಇಬ್ಬರು ನೈಟ್‌ಗಳನ್ನು ಆರಿಸಿ ಸಭೆಗೆ ಕಳಿಸುವಂತೆ ಷೆರಿಫ್‌ಗಳಿಗೆ ಆಜ್ಞೆ ಹೋಯಿತು. ದೊರೆಯನ್ನೇ ಸೆರೆಯಲ್ಲಿಟ್ಟ ಸೈಮನ್ ಡಿ ಮಾಂಟ್‌ಫರ್ಟ್ 1265ರ ಜನವರಿಯಲ್ಲಿ ಪಟ್ಟಣಗಳ ಪ್ರತಿನಿಧಿಗಳನ್ನೂ ಪಾರ್ಲಿಮೆಂಟೆಂದು ಹೆಸರಾಗಿದ್ದ ಆ ಸಭೆಗೆ ಕರೆದ. ಅದೇ ಆಗಸ್ಟಿನಲ್ಲಿ ಈವ್‌ಶಾಮ್ ಕಾಳಗದಲ್ಲಿ ಅವನು ಸತ್ತ, ಆದರೆ ಕರೆಯುವ ರೂಢಿ ಉಳಿಯಿತು.

ಇದನ್ನು ಬರೀ ಸ್ವಾತಂತ್ರ್ಯದ ಕಥೆಯಾಗಿ ಹೇಳಲು ನನ್ನ ಮನಸ್ಸು ಒಪ್ಪುವುದಿಲ್ಲ. ಸನದು ಕಾಪಾಡುತ್ತೇನೆಂದದ್ದು ಮುಖ್ಯವಾಗಿ ಸ್ವತಂತ್ರ ಮನುಷ್ಯನನ್ನು. ಒಡೆಯನ ಹೊಲಕ್ಕೆ ಕಟ್ಟುಬಿದ್ದಿದ್ದ ಲಕ್ಷಾಂತರ ರೈತರು ಆ ಮಾತಿನ ಆಚೆಗೇ ಉಳಿದರು. ಇನ್ನೂ ಕ್ರೂರವಾದದ್ದು 1290ರಲ್ಲಿ ನಡೆಯಿತು. ಹೆನ್ರಿಯ ನಂತರ ಪಟ್ಟಕ್ಕೆ ಬಂದ ಒಂದನೇ ಎಡ್ವರ್ಡ್‌ಗೆ ಪಾರ್ಲಿಮೆಂಟ್ ಭಾರಿ ತೆರಿಗೆಯೊಂದನ್ನು ಮಂಜೂರು ಮಾಡಿತು. ಅದರಿಂದ ಸಂಗ್ರಹವಾದದ್ದು ಸುಮಾರು 1,16,000 ಪೌಂಡ್. ಆ ಚೌಕಾಸಿಯಲ್ಲಿ ದೊರೆ ತೆತ್ತ ಬೆಲೆ ಇಂಗ್ಲೆಂಡಿನ ಯಹೂದಿಗಳ ಗಡೀಪಾರು. 1225ರ ತೆರಿಗೆಯಂತೆ ಅದೂ ಹದಿನೈದರಲ್ಲಿ ಒಂದು ಪಾಲೇ. ದೊರೆಯ ಕೈ ಕಟ್ಟಿದ ಸಭೆಯೇ ತನಗೆ ಬೇಡದ ಜನರನ್ನು ಅವನ ಕೈಯಿಂದ ಹೊರದಬ್ಬಿಸಿತು.

1297ರಲ್ಲಿ ಇದೇ ಎಡ್ವರ್ಡ್ ಫ್ಲಾಂಡರ್ಸ್ ಯುದ್ಧಕ್ಕೆಂದು ಸರಿಯಾದ ಒಪ್ಪಿಗೆಯಿಲ್ಲದೆ ತೆರಿಗೆ ಎತ್ತಲು ಹೊರಟ. ನಾರ್ಫೋಕ್ ಮತ್ತು ಹೆರೆಫರ್ಡ್‌ನ ಅರ್ಲ್‌ಗಳು ವಸೂಲಿಗೆ ಅಡ್ಡ ನಿಂತರು. ಸ್ಕಾಟ್ಲೆಂಡಿನಲ್ಲಿ ಸೇನೆ ಸೋತ ಸುದ್ದಿಯೂ ಬಂತು. ನವೆಂಬರ್ 5ರಂದು ದೊರೆ ಘೆಂಟ್ ನಗರದಿಂದಲೇ ಸನದನ್ನು ದೃಢಪಡಿಸಿ, ಇಂಥ ತೆರಿಗೆಗಳನ್ನು ಇಡೀ ರಾಜ್ಯದ ಒಪ್ಪಿಗೆಯಿಲ್ಲದೆ ಎತ್ತುವುದಿಲ್ಲವೆಂದು ಬರೆದುಕೊಟ್ಟ. ಶಾಸನಗಳ ದಫ್ತರಕ್ಕೆ ಆ ವರ್ಷ ಏರಿದ ಮ್ಯಾಗ್ನಾ ಕಾರ್ಟಾ 1225ರ ಪಾಠ. ಅದರ ಕೆಲವು ಕಲಮುಗಳು ಇಂದಿಗೂ ಇಂಗ್ಲೆಂಡಿನಲ್ಲಿ ಜಾರಿಯಲ್ಲಿವೆ. ಕಾನೂನುಬದ್ಧ ತೀರ್ಪಿಲ್ಲದೆ ಯಾವ ಸ್ವತಂತ್ರ ಮನುಷ್ಯನನ್ನೂ ಸೆರೆಗೆ ಹಾಕಬಾರದೆಂಬ ಹೆಸರಾಂತ ಮಾತು ರನ್ನಿಮೀಡ್ ಸನದಿನಲ್ಲಿ 39ನೆಯದು. ಇಂಗ್ಲೆಂಡಿನ ಇಂದಿನ ಕಾನೂನಿನಲ್ಲಿ ಅದು ಇರುವುದು 1225ರ ಪಾಠದ 29ನೇ ಕಲಮಾಗಿ.