ಓಡೋ ಹುಡುಗ್ರ ಸೊಂಟ ಯಾಕೆ ಹಿಡೀತಿದೆ?

ಚಿತ್ರದುರ್ಗ: ಪೊಲೀಸ್ ನೇಮಕದ ಪ್ರಕಟಣೆ ಬಿತ್ತೆಂದರೆ ಸಾಕು. ಕೋಳಿ ಕೂಗುವ ಮೊದಲೇ ಒನಕೆ ಓಬವ್ವ ಕ್ರೀಡಾಂಗಣದಲ್ಲಿ, ಜೋಗಿಮಟ್ಟಿ ರಸ್ತೆಯಲ್ಲಿ, ಹಿರಿಯೂರಿನ ಹೆದ್ದಾರಿ ಪಕ್ಕದ ರಸ್ತೆಯಲ್ಲಿ ದಡದಡ ಹೆಜ್ಜೆ ಸದ್ದು. ಹೊಸದುರ್ಗ, ಹೊಳಲ್ಕೆರೆ ಕಡೆಯ ಹಳ್ಳಿಗಳಲ್ಲಂತೂ ತೋಟದ ದಾರಿ, ಕೆರೆ ಏರಿ, ಹೈಸ್ಕೂಲ್ ಮೈದಾನ, ಎಲ್ಲಿ ನೂರು ಗಜ ನೇರ ಜಾಗ ಸಿಕ್ಕಿತೋ ಅಲ್ಲೆಲ್ಲಾ ಓಟ. ಎರಡು ತಿಂಗಳು ಕಳೆಯುವಷ್ಟರಲ್ಲಿ ಅದೇ ಹುಡುಗರಲ್ಲಿ ಕೆಲವರು ಸೊಂಟದ ಮೇಲೆ ಕೈಯಿಟ್ಟುಕೊಂಡು ಬಸ್ ಹತ್ತುತ್ತಾರೆ. ಸೀಟು ಖಾಲಿ ಇದ್ದರೂ ಕಂಬಿ ಹಿಡಿದು ನಿಂತೇ ಬರುತ್ತಾರೆ. "ಯಾಕೋ ತಮ್ಮಾ?" ಅಂದರೆ "ಚಳುಕು ಅಣ್ಣಾ, ಹೋಗುತ್ತೆ" ಎಂಬ ಉತ್ತರ.

ಬಹಳ ಸಲ ಹೋಗುತ್ತದೆ, ನಿಜ. ಆದರೆ ಹೋಗದೆ ಉಳಿದ ಚಳುಕು ಹುಡುಗನ ನೌಕರಿಯನ್ನೂ ಜೊತೆಗೆ ತೆಗೆದುಕೊಂಡು ಹೋಗುತ್ತದೆ.

ಈ ಹುಡುಗರು ಯಾವ ಒಲಿಂಪಿಕ್ ಪದಕಕ್ಕೂ ಓಡುತ್ತಿಲ್ಲ. ರಾಜ್ಯದ ನಾಗರಿಕ ಪೊಲೀಸ್ ಕಾನ್‌ಸ್ಟೇಬಲ್ ಆಗಬೇಕಾದರೆ ಗಂಡುಹುಡುಗ 1600 ಮೀಟರನ್ನು 6 ನಿಮಿಷ 30 ಸೆಕೆಂಡಿನೊಳಗೆ ಮುಗಿಸಬೇಕು. ಹೆಣ್ಣುಮಕ್ಕಳಿಗೆ 2 ನಿಮಿಷದಲ್ಲಿ 400 ಮೀಟರ್. 2022ರಲ್ಲಿ ಬಂದ ಅಗ್ನಿಪಥ ಯೋಜನೆಯಲ್ಲಿ ಸೈನ್ಯ ಇನ್ನೂ ಬಿಗಿ: 1.6 ಕಿಲೋಮೀಟರನ್ನು 5 ನಿಮಿಷ 30 ಸೆಕೆಂಡಿನೊಳಗೆ ಓಡಿದವನಿಗೆ ಮಾತ್ರ ಪೂರ್ತಿ 60 ಅಂಕ. ಮಳೆ ನಂಬಿ ಕೂತ ನಾಲ್ಕು ಎಕರೆ ಶೇಂಗಾ ಹೊಲದ ಮನೆಗೆ ಈ ಅಂಕವೆಂದರೆ ತಿಂಗಳ ಸಂಬಳ, ತಂಗಿಯ ಮದುವೆ, ಸೊಸೈಟಿ ಸಾಲ. ಸೊಂಟ ನೋಯುತ್ತೆ ಅಂತ ಯಾವ ಮಗ ತಾನೇ ನಿಲ್ಲಿಸಿಯಾನು?

ಒಂದೂವರೆ ಕ್ವಿಂಟಲ್ ಏಟು

ಓಡುವಾಗ ಪ್ರತಿ ಹೆಜ್ಜೆಯಲ್ಲೂ ನೆಲ ತಿರುಗಿ ಒದೆಯುತ್ತದೆ. ಆ ಏಟು ಮೈತೂಕದ ಎರಡೂವರೆ ಪಟ್ಟು ಇರುತ್ತದೆ. 60 ಕಿಲೋ ಹುಡುಗನಿಗೆ ಒಂದೂವರೆ ಕ್ವಿಂಟಲ್. 1600 ಮೀಟರಿಗೆ ಹೆಚ್ಚುಕಡಿಮೆ ಸಾವಿರ ಹೆಜ್ಜೆ. ಉಳಿದ ಗುಣಾಕಾರ ಮಂಡಿ ಸಾಹುಕಾರರೇ ಮಾಡಿಕೊಳ್ಳಲಿ! ಹೊಟ್ಟೆ, ಬೆನ್ನು, ಪೃಷ್ಠದ ಸ್ನಾಯು ಗಟ್ಟಿಯಿದ್ದವನಿಗೆ ಇದು ಲೆಕ್ಕಕ್ಕಿಲ್ಲ, ಹೊರೆಯನ್ನು ಅವೇ ಹಂಚಿಕೊಳ್ಳುತ್ತವೆ. ಆದರೆ ವರ್ಷವಿಡೀ ಕೋಚಿಂಗ್ ಕ್ಲಾಸಿನ ಬೆಂಚಿನ ಮೇಲೆ ಕೂತು, ತೊಡೆಯ ಹಿಂಭಾಗದ ಸ್ನಾಯು ಸೆಟೆದುಹೋದವನು ಪ್ರಕಟಣೆ ಕಂಡ ಮರುದಿನವೇ ಡಾಂಬರಿನ ಮೇಲೆ ಹತ್ತು ಸುತ್ತು ಹಾಕಿದರೆ? ಏಟೆಲ್ಲ ಸೊಂಟದ ಮೂಳೆಗೇ.

ಜೋಗಿಮಟ್ಟಿ ಏರು ಹತ್ತಿ ಇಳಿಯುವವರದ್ದು ಇನ್ನೊಂದು ಪಾಡು. ಇಳಿಜಾರಿನಲ್ಲಿ ಓಡುವವನು ತನಗರಿವಿಲ್ಲದೆ ಮೈಯನ್ನು ಹಿಂದಕ್ಕೆ ಬಾಗಿಸುತ್ತಾನೆ. ಹಾಗೆ ಹಿಂದಕ್ಕೆ ಬಾಗಿದಾಗಲೆಲ್ಲ ಬೆನ್ನುಮೂಳೆಯ ಕೆಳತುದಿಯಲ್ಲಿ, ಕೀಲಿಗೂ ಕೀಲಿಗೂ ನಡುವೆ ಇರುವ ಸಣ್ಣ ಸೇತುವೆಯಂಥ ಎಲುಬು ಹಿಚುಕಿಕೊಳ್ಳುತ್ತದೆ. ಅದೊಂದೇ ಆದರೆ ಸರಿ. ಬೆಳಗ್ಗೆ ಓಡಿದ ಹೊಳಲ್ಕೆರೆಯ ಹುಡುಗ ಮಧ್ಯಾಹ್ನ ತೋಟದಲ್ಲಿ ದೋಟಿ ಹಿಡಿದು, ಸೊಂಟ ಹಿಂದೆ ಮಾಡಿ ಅಡಿಕೆ ಗೊನೆಗೆ ನಿಲ್ಲುತ್ತಾನೆ. ಹೊಸದುರ್ಗದವನು ತೆಂಗಿನಕಾಯಿ ಮೂಟೆ ಲಾರಿಗೆ ಎತ್ತುತ್ತಾನೆ. ಮೂಳೆಗೆ ಬಿಡುವೆಲ್ಲಿ?

ಬಳೆ ಸೀಳುಬಿಟ್ಟ ಹಾಗೆ ಆ ಎಲುಬಿನಲ್ಲಿ ಸಣ್ಣ ಬಿರುಕು ಬೀಳುವುದುಂಟು. ಇದು ಒಂದೇ ಏಟಿಗೆ ಮುರಿದದ್ದಲ್ಲ, ದಿನಾ ತಿಂದ ಏಟಿಗೆ ಸವೆದು ಬಿಟ್ಟದ್ದು. ಅಮೆರಿಕದಲ್ಲಿ 1995ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಸೊಂಟನೋವೆಂದು ಚಿಕಿತ್ಸೆಗೆ ಬಂದ 100 ಮಂದಿ ಹದಿಹರೆಯದ ಕ್ರೀಡಾಪಟುಗಳ ಪೈಕಿ 47 ಜನರಿಗೆ ಇದೇ ಬಿರುಕು ಸಿಕ್ಕಿತ್ತು. ಸೊಂಟ ಹಿಡಿದು ಬಂದ 100 ಮಂದಿ ದೊಡ್ಡವರಲ್ಲಿ ಸಿಕ್ಕಿದ್ದು ಬರೀ 5 ಜನರಿಗೆ. ಅಂದರೆ ಅಪ್ಪನ ಸೊಂಟನೋವೇ ಬೇರೆ, ಮಗನದೇ ಬೇರೆ. ಅಪ್ಪನಿಗೆ ಹಚ್ಚಿದ ಮುಲಾಮನ್ನು ಮಗನಿಗೂ ಹಚ್ಚಿ ಸುಮ್ಮನಾಗುವಂತಿಲ್ಲ.

ಕ್ರಿಕೆಟ್ ನೋಡುವವರಿಗೆ ಇದು ಹೊಸ ಸುದ್ದಿಯೇನಲ್ಲ. ನಮ್ಮ ಕರ್ನಾಟಕದ ವೇಗದ ಬೌಲರ್ ಪ್ರಸಿದ್ಧ ಕೃಷ್ಣ ಸೊಂಟದ ಮೂಳೆ ಬಿರುಕಿನಿಂದಲೇ 2023ರ ಐಪಿಎಲ್ ಪೂರ್ತಿ ಹೊರಗೆ ಕೂತರು. ಬುಮ್ರಾ ಬೆನ್ನಿಗೂ 2019ರಲ್ಲಿ ಬಿರುಕು, 2022ರಲ್ಲಿ ಮತ್ತೆ ಬೆನ್ನಿನ ಕಾಟ, 2023ರಲ್ಲಿ ಆಪರೇಷನ್. ಅವರ ಹಿಂದೆ ಡಾಕ್ಟರುಗಳ ದಂಡೇ ಇತ್ತು. ನಮ್ಮ ಹುಡುಗರ ಹಿಂದೆ ಯಾರಿದ್ದಾರೆ?

ಒದೆ, ನೆಟಿಗೆ, ಸೂಜಿ

ಇದ್ದಾರೆ ಬಿಡಿ! ಕಾಲು ಮುಂದಾಗಿ ಹುಟ್ಟಿದವರಿಂದ ಸೊಂಟಕ್ಕೆ ಒದೆಸಿಕೊಂಡರೆ ಹಿಡಿತ ಬಿಡುತ್ತದೆಂಬ ನಂಬಿಕೆ ಹಳ್ಳಿಗಳಲ್ಲಿ ಇನ್ನೂ ಜೀವಂತ. ಮೆಲ್ಲಗೆ ತಾಗಿಸಿದರೆ ನಷ್ಟವಿಲ್ಲ. ಆದರೆ ಬೋರಲು ಮಲಗಿಸಿ ಬೆನ್ನು ತುಳಿಯುವುದು, ತಿರುಚಿ ಲಟಲಟ ನೆಟಿಗೆ ತೆಗೆಯುವುದು ಬಿರುಕು ಬಿಟ್ಟ ಮೂಳೆಯ ಜೊತೆ ಆಡುವ ಆಟವಲ್ಲ. ಸೊಂಟನೋವಿಗೆ ಭುಜಂಗಾಸನ, ಚಕ್ರಾಸನ ಹಾಕು ಎಂದು ಉಪದೇಶಿಸುವವರೂ ಕಮ್ಮಿಯಿಲ್ಲ. ಹಿಂದಕ್ಕೆ ಬಾಗಿದರೇ ನೋವು ಬರುವ ಹುಡುಗನಿಗೆ ಹಿಂದಕ್ಕೆ ಬಾಗಿಸುವ ಆಸನವೇ ಮದ್ದು ಎಂದರೆ ಹೇಗೆ?

ಎಲ್ಲಕ್ಕಿಂತ ಕೆಟ್ಟದ್ದು ಸೂಜಿ. ನೋವಿನ ಇಂಜೆಕ್ಷನ್ ಹಾಕಿಸಿಕೊಂಡು, ಇಲ್ಲವೇ ಮೆಡಿಕಲ್ ಶಾಪಿನಿಂದ ಕೇಳಿ ತಂದ ಮಾತ್ರೆ ನುಂಗಿ ಓಡುವುದು. ನೋವು ಎಂಬುದು ಮೂಳೆ ಊದುವ ಪೊಲೀಸ್ ಸೀಟಿ. ಮಾತ್ರೆ ಸೀಟಿಯನ್ನು ಕಿತ್ತುಕೊಳ್ಳುತ್ತದೆಯೇ ಹೊರತು ಬಿರುಕನ್ನು ಮುಚ್ಚುವುದಿಲ್ಲ. ಬಿಸಿಲಲ್ಲಿ ಬೆವರು ಸುರಿಸಿ, ನೀರು ಕುಡಿಯದೆ ಈ ಮಾತ್ರೆ ನುಂಗುತ್ತಿದ್ದರೆ ಕಿಡ್ನಿಗೂ ಪೆಟ್ಟು. ಬಿರುಕಿದ್ದೂ ಓಡುತ್ತಲೇ ಹೋದರೆ ಅದು ಎರಡೂ ಬದಿಗೆ ಹರಡಿ, ಒಂದು ಮೂಳೆ ಇನ್ನೊಂದರ ಮೇಲಿಂದ ಮುಂದಕ್ಕೆ ಜಾರಬಹುದು. ಆಗ ಓಟ ಗೆದ್ದರೂ ವೈದ್ಯಕೀಯ ಪರೀಕ್ಷೆಯ ಬಾಗಿಲು ದಾಟುವುದು ಕಷ್ಟ.

ಪರೀಕ್ಷೆ ಮನೆಯಲ್ಲೇ ಶುರು

ಹುಡುಗನನ್ನು ಒಂಟಿ ಕಾಲಿನ ಮೇಲೆ ನಿಲ್ಲಿಸಿ ಮೆಲ್ಲಗೆ ಹಿಂದಕ್ಕೆ ಬಾಗಲು ಹೇಳಿ. ಸೊಂಟದ ಒಂದೇ ಜಾಗದಲ್ಲಿ ಚುಳ್ಳೆಂದರೆ, ಓಡಿದರೆ ಹೆಚ್ಚಾಗಿ ಕೂತರೆ ಇಳಿದರೆ, ಎರಡು ವಾರವಾದರೂ ಬಿಡದಿದ್ದರೆ ಓಟ ನಿಲ್ಲಿಸಿ ಮೂಳೆ ಡಾಕ್ಟರ ಹತ್ತಿರ ಕಳಿಸಿ. ಮನೆಯ ಈ ಪರೀಕ್ಷೆಯೇ ತೀರ್ಪಲ್ಲ. ಎಕ್ಸ್‌ರೇಯಲ್ಲಿ ಏನೂ ಕಾಣದಿದ್ದರೂ ಗೆದ್ದೆವೆಂದು ಬರಬೇಡಿ, ಶುರುವಿನ ಬಿರುಕು ಅದರಲ್ಲಿ ತಪ್ಪಿಸಿಕೊಳ್ಳುತ್ತದೆ. ಎಂಆರ್‌ಐ ಬೇಕೇ ಎಂದು ಡಾಕ್ಟರನ್ನೇ ಕೇಳಿ.

ಸಮಾಧಾನದ ಮಾತೂ ಇದೆ. ಬೇಗ ಗೊತ್ತಾದರೆ ಸುಮಾರು ಮೂರು ತಿಂಗಳು ಓಟ, ಹೊರೆ ಬಿಟ್ಟವರಲ್ಲಿ ಹೆಚ್ಚಿನವರು ಮತ್ತೆ ಓಡುತ್ತಾರೆ. ಆಪರೇಷನ್ ಬೇಕಾಗುವುದು ಅಪರೂಪ. ಬಿಡುವೆಂದರೆ ಹಾಸಿಗೆ ಹಿಡಿಯುವುದಲ್ಲ. ನಡೆಯಬಹುದು, ನೋವು ತಗ್ಗಿದ ಮೇಲೆ ಡಾಕ್ಟರು ಹೇಳಿದ ಹಾಗೆ ಹೊಟ್ಟೆ, ಪೃಷ್ಠದ ಸ್ನಾಯು ಗಟ್ಟಿ ಮಾಡಿಕೊಳ್ಳಬಹುದು.

ಸೊಂಟನೋವೆಲ್ಲ ಬಿರುಕೇ ಎಂದೂ ಅಲ್ಲ. ಸಂಜೆ ಜ್ವರ, ಮೈ ಇಳಿತ, ರಾತ್ರಿ ನೋವು ಇದ್ದರೆ ಬೆನ್ನುಮೂಳೆಯ ಕ್ಷಯವಿದೆಯೇ ಎಂದು ನೋಡಿಸಬೇಕು. ಬೆಳಗ್ಗೆ ಎದ್ದಾಗ ಅರ್ಧ ಗಂಟೆಗೂ ಮೀರಿ ಸೊಂಟ ಮರಗಟ್ಟಿ, ಓಡಾಡಿದ ಮೇಲೆ ಸಡಿಲವಾಗುವ ವಾತದ ಕಾಯಿಲೆ ಒಂದಿದೆ, ಅದು ಹಿಡಿಯುವುದೂ ಹರೆಯದವರನ್ನೇ. ಕಾಲು ಸೋತರೆ, ಕುಳಿತುಕೊಳ್ಳುವ ಜಾಗ ಜೋಮು ಹಿಡಿದರೆ, ಮೂತ್ರ ಹಿಡಿತ ತಪ್ಪಿದರೆ ಮಾತ್ರ ಸಂಜೆಯ ಬಸ್ಸಿಗೂ ಕಾಯಬೇಡಿ. ಆಗಲೇ ಆಸ್ಪತ್ರೆಗೆ.

ಇನ್ನು ಹೆಣ್ಣುಮಕ್ಕಳ ವಿಷಯ ಯಾರೂ ಬಾಯಿಬಿಟ್ಟು ಆಡುವುದಿಲ್ಲ. ನಸುಕಿನಲ್ಲಿ ಬರೀ ಹೊಟ್ಟೆಯಲ್ಲಿ ಓಡಿ, ಟೀ ಬನ್ನಿನಲ್ಲಿ ದಿನ ದೂಡುವ ಹುಡುಗಿಗೆ ತಿಂಗಳ ಮುಟ್ಟು ತಪ್ಪಿದರೆ ಅದು ಮೂಳೆ ಸೊರಗುತ್ತಿರುವ ಸೂಚನೆಯೂ ಆಗಿರಬಹುದು. ಅಂಥ ಮೂಳೆಗೆ ಬಿರುಕು ಬೇಗ. ರಾಗಿ ಮುದ್ದೆ, ಕಾಳಿನ ಸಾರು, ಮೊಟ್ಟೆ, ಹಾಲು ಅವಳ ತಟ್ಟೆಗೂ ಬೀಳಬೇಕು, ಬರೀ ಅಣ್ಣನ ತಟ್ಟೆಗಲ್ಲ.

ಓಟದ ದೂರವನ್ನು ವಾರಕ್ಕೆ ಹತ್ತರಲ್ಲಿ ಒಂದು ಪಾಲಿಗಿಂತ ಹೆಚ್ಚು ಏರಿಸಬೇಡ ಎಂಬುದು ಕೋಚುಗಳ ಹಳೇ ಲೆಕ್ಕ. ವಾರಕ್ಕೆ 10 ಕಿಲೋಮೀಟರ್ ಓಡುವವನು ಮುಂದಿನ ವಾರ 11, ಇಪ್ಪತ್ತಲ್ಲ. ಈ ಲೆಕ್ಕದಲ್ಲಿ ಎರಡು ತಿಂಗಳು ಸಾಲದು ಎನ್ನುವ ಹುಡುಗರು ಪ್ರಕಟಣೆಗೆ ಕಾಯದೆ ನಾಳೆಯೇ ಶುರು ಮಾಡಲಿ. ಡಾಂಬರು ಬಿಟ್ಟು ಮಣ್ಣಿನ ಮೇಲೆ.