ಮೌಖಿಕ ಸಾಕ್ಷ್ಯದ ಬಲ ಮತ್ತು ಮಿತಿ: ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ ಸೀಮೆಯ ಸಂದರ್ಭ

ಜಾನಪದ ಪ್ರಬಂಧಗಳಲ್ಲಿ ‘ಅನಾದಿಕಾಲದಿಂದ ಈ ಕಾಡಿನಲ್ಲಿ ನೆಲೆಸಿದವರು’ ಎಂಬ ಮಾತು ಪದೇ ಪದೇ ಬರುತ್ತದೆ. ಅದರ ಆಧಾರವನ್ನು ಕೇಳುವವರು ವಿರಳ. ಆದರೆ ಉತ್ತರ ಕನ್ನಡದ ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ ತಾಲ್ಲೂಕುಗಳಲ್ಲಿ ಇದು ವಿದ್ವತ್ತಿನ ಪ್ರಶ್ನೆಯಷ್ಟೇ ಅಲ್ಲ, ಜನರ ನೆಲದ ಪ್ರಶ್ನೆಯೂ ಹೌದು.

ಸಿದ್ದಿ, ಕುಣಬಿ ಮತ್ತು ದನಗರ ಗೌಳಿ ಸಮುದಾಯಗಳು ಈ ಸೀಮೆಯ ಅರಣ್ಯವನ್ನು ಆಶ್ರಯಿಸಿ ಬಾಳಿದವು. 2003ರಲ್ಲಿ ಬಂದ ತಿದ್ದುಪಡಿ ಕಾಯ್ದೆಯು ಸಿದ್ದಿಯರನ್ನು ‘ಉತ್ತರ ಕನ್ನಡ ಜಿಲ್ಲೆಯಲ್ಲಿ’ ಎಂಬ ಮಿತಿಯೊಡನೆ ಪರಿಶಿಷ್ಟ ಪಂಗಡಕ್ಕೆ ಸೇರಿಸಿತು. ಧಾರವಾಡ, ಬೆಳಗಾವಿ ಜಿಲ್ಲೆಗಳ ಸಿದ್ದಿಯರು 2020ರವರೆಗೆ ಕಾಯಬೇಕಾಯಿತು. ಅದೇ 2003ರ ಕಾಯ್ದೆ ಗೋವೆಯ ಕುಣಬಿಯರನ್ನು ಸೇರಿಸಿತು. ಗಡಿಯ ಈಚೆಗಿನ ಜೋಯಿಡಾದ ಕುಣಬಿಯರು ಹೊರಗುಳಿದರು. ದನಗರ ಗೌಳಿಗಳೂ ಆಗ ಸೇರಲಿಲ್ಲ.

ಈ ವ್ಯತ್ಯಾಸದ ಪರಿಣಾಮ 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಸ್ಪಷ್ಟವಾಗುತ್ತದೆ. ಪರಿಶಿಷ್ಟ ಪಂಗಡದ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಮುಂಚಿನ ಸ್ವಾಧೀನವನ್ನು ತೋರಿಸಬೇಕು. ಇತರ ಪಾರಂಪರಿಕ ಅರಣ್ಯವಾಸಿಗಳು ಅದರೊಡನೆ ಆ ದಿನಕ್ಕೆ ಹಿಂದಿನ ಮೂರು ತಲೆಮಾರುಗಳ, ಅಂದರೆ 75 ವರ್ಷಗಳ ಅರಣ್ಯವಾಸವನ್ನೂ ತೋರಿಸಬೇಕು. ಇದು 1930ರವರೆಗೆ ಹಿಂದಕ್ಕೆ ಹೋಗುವ ಲೆಕ್ಕ. ಓದುಬರಹ ಬಾರದ ಕುಟುಂಬದಲ್ಲಿ ಅಷ್ಟು ಹಳೆಯ ಕಾಗದ ಸಿಗುವುದು ಕಷ್ಟ.

ಈ ಕಾಯ್ದೆಯ ನಿಯಮಗಳು ಅರ್ಜಿಯೊಡನೆ ಕನಿಷ್ಠ 2 ಸಾಕ್ಷ್ಯಗಳನ್ನು ಕೇಳುತ್ತವೆ. ಸರ್ಕಾರಿ ದಾಖಲೆಗಳ ಜೊತೆಗೆ ಬಾವಿ, ಸ್ಮಶಾನ, ಪವಿತ್ರ ಸ್ಥಳ, ವಂಶಾವಳಿ ಮತ್ತು ಅರ್ಜಿದಾರರಲ್ಲದ ಹಿರಿಯರ ಲಿಖಿತ ಹೇಳಿಕೆಗಳೂ ಅಲ್ಲಿ ಸಾಕ್ಷ್ಯಗಳಾಗಿವೆ. ಜಾನಪದ ಕ್ಷೇತ್ರಕಾರ್ಯ ಸಂಗ್ರಹಿಸುವುದೂ ಇಂಥವನ್ನೇ. ಕಾಳಿ ನದಿಯ ಅಣೆಕಟ್ಟಿನಿಂದ ಹಳೆಯ ಸೂಪಾ ಊರು ಮುಳುಗಿದ ಮೇಲೆ, ನೀರಿನಡಿಯ ಬಾವಿಯನ್ನಾಗಲಿ ದೇವರ ನೆಲೆಯನ್ನಾಗಲಿ ಯಾರೂ ತೋರಿಸಲಾರರು. ಅಂಥಲ್ಲಿ ಹಿರಿಯರ ನೆನಪೇ ಮುಖ್ಯ ಆಧಾರವಾಗುತ್ತದೆ.

ಆದರೆ ನೆನಪಿನಲ್ಲಿಯೂ ಭೇದಗಳಿವೆ. ಕನ್ನಡದಲ್ಲಿ ‘ಅಗೆದರು’ ಎಂದರೆ ಹೇಳುವವನು ಹೊಣೆ ಹೊರುತ್ತಾನೆ. ‘ಅಗೆದರಂತೆ’ ಎಂದರೆ ಕೇಳಿದ್ದನ್ನು ಒಪ್ಪಿಸುತ್ತಾನೆ. ‘ಅಗೆದಿರಬೇಕು’ ಎಂದರೆ ಊಹಿಸುತ್ತಾನೆ. ಗೌಳಿಗಳ ಮನೆಮಾತಾದ ಮರಾಠಿಯಲ್ಲಿ ‘ಮ್ಹಣೆ’ ಎಂಬ ಪದ ‘ಅಂತೆ’ಯ ಕೆಲಸವನ್ನು ಮಾಡುತ್ತದೆ. ಮಾತು ಕಚೇರಿಯ ಕನ್ನಡಕ್ಕೆ ಇಳಿಯುವಾಗ ಇಂಥ ಗುರುತುಗಳು ಅಳಿದು, ಕೇಳಿದ್ದೂ ಕಂಡದ್ದೂ ಒಂದೇ ವಾಕ್ಯವಾಗಿಬಿಡುವ ಅಪಾಯವಿದೆ. ಮರುವಿಚಾರಣೆಯಲ್ಲಿ ಒಂದು ಅಂಶ ಸಡಿಲವೆಂದು ಕಂಡರೆ ನಿಜವಾದ ಉಳಿದ ಅಂಶಗಳ ಮೇಲೂ ಸಂಶಯ ಬೀಳುತ್ತದೆ.

ಮಿತಿಯನ್ನು ಹೇಳುವುದು ದೌರ್ಬಲ್ಯವಲ್ಲ. ಆದಾಯ ತೆರಿಗೆಯ ವಿವರಪಟ್ಟಿಗೆ ಸಹಿ ಹಾಕುವವರೂ ತಮ್ಮ ತಿಳಿವಳಿಕೆ ಮತ್ತು ನಂಬಿಕೆಯ ಮಟ್ಟಿಗೆ ವಿವರಗಳು ಸರಿಯೆಂದೇ ಘೋಷಿಸುತ್ತಾರೆ. ಆ ಮಿತಿಯಿಂದ ಘೋಷಣೆಯ ಹೊಣೆ ತಪ್ಪುವುದಿಲ್ಲ. ಹಾಗೆಯೇ ‘ಅನಾದಿಕಾಲದಿಂದ’ ಎಂಬ ಮಾತಿಗಿಂತ ‘ಈ ಬಾವಿಯನ್ನು ಅಜ್ಜ ಅಗೆದನೆಂದು ತಂದೆ ಹೇಳುತ್ತಿದ್ದರು, ಅದರ ನೀರನ್ನು ಬಾಲ್ಯದಿಂದಲೂ ಕುಡಿದಿದ್ದೇನೆ’ ಎಂಬ ಹೇಳಿಕೆಗೆ ತೂಕ ಹೆಚ್ಚು. ಮೊದಲನೆಯದನ್ನು ಯಾರೂ ಪರೀಕ್ಷಿಸಲಾರರು. ಎರಡನೆಯದು ಕಂಡದ್ದನ್ನೂ ಕೇಳಿದ್ದನ್ನೂ ಬೇರ್ಪಡಿಸಿ ಮೂರು ತಲೆಮಾರುಗಳನ್ನು ಜೋಡಿಸುತ್ತದೆ.

ಆದ್ದರಿಂದ ಹೇಳಿದವರು ಯಾರು, ಅವರಿಗೆ ಅದು ಹೇಗೆ ತಿಳಿಯಿತು, ಅವರ ಅರಿವು ಎಲ್ಲಿಗೆ ನಿಲ್ಲುತ್ತದೆ ಎಂಬ ಮೂರನ್ನೂ ಸಂಗ್ರಾಹಕರು ದಾಖಲಿಸಬೇಕಾಗುತ್ತದೆ. ಹಿರಿಯರು ಆಡಿದ ‘ಅಂತೆ’ಯನ್ನು ಹಾಗೆಯೇ ಉಳಿಸಿಕೊಳ್ಳುವುದು ಶಾಸ್ತ್ರದ ಶಿಸ್ತು, ಈ ಸೀಮೆಯಲ್ಲಿ ಅದು ಅವರ ಮೊಮ್ಮಕ್ಕಳ ನೆಲವನ್ನು ಕಾಯುವ ಎಚ್ಚರವೂ ಹೌದು.